ತೋಟದ ಕಂಪ್ಯೂಟರನ್ನು ಎಬ್ಬಿಸುವವರು ಯಾರು?

ಲಿನಕ್ಸ್ ಯಂತ್ರವನ್ನು ಎಬ್ಬಿಸಿ ಅದರ ಹಿನ್ನೆಲೆ ಸೇವೆಗಳನ್ನು ಸಂಭಾಳಿಸುವ ಸಿಸ್ಟಮ್‌ಡಿ ಮೇಲೆ ಹಳಬರ ಸಿಟ್ಟು ಇನ್ನೂ ಇಳಿದಿಲ್ಲ. 2010ರಲ್ಲಿ ಲೆನಾರ್ಟ್ ಪೊಟರಿಂಗ್, ಕೇ ಸೀವರ್ಸ್ ಶುರುಮಾಡಿದ ಇದನ್ನು 2015ರಲ್ಲಿ ಡೆಬಿಯನ್ 8 ಎಂಬ ಲಿನಕ್ಸ್ ವಿತರಣೆ ಒಪ್ಪಿಕೊಂಡಿತು. ಅದಕ್ಕೆ ಮುನಿದ ಗುಂಪು ದೇವುವಾನ್ ಎಂದು ಬೇರೆ ಮನೆಯನ್ನೇ ಮಾಡಿತು. ಅವರ ಆಕ್ಷೇಪಗಳಿಗೆ ಕೊಡಗಿನ ಕಾಫಿ ತೋಟದಿಂದ ನನ್ನ ಉತ್ತರ ಇದು. ಕಕ್ಕಡ ತಿಂಗಳ ಮಳೆಗಾಳಿಗೆ ಮರ ಬಿದ್ದು ಲೈನು ಹೋದರೆ ಇಲ್ಲಿ ಕರೆಂಟು ಬರುವುದು ಯಾವಾಗಲೋ. ಬಂದಾಗ ಯಂತ್ರದ ಮುಂದೆ ಯಾರೂ ಇರುವುದಿಲ್ಲ.

ಸಿಸ್ಟಮ್‌ಡಿಗೆ ಮೊದಲು ಸೇವೆಗಳನ್ನು ಎಬ್ಬಿಸುತ್ತಿದ್ದ ಹಳೆಯ ಸ್ಕ್ರಿಪ್ಟುಗಳನ್ನು ಯಾರು ಬೇಕಾದರೂ ಓದಿ ತಿದ್ದಬಹುದಿತ್ತು ಎನ್ನುತ್ತಾರೆ. ನಿಜ, ಓದಬಹುದಿತ್ತು. ಆದರೆ ನಮ್ಮ ಮಳೆಮಾಪಕಕ್ಕೆ ಜೋಡಿಸಿರುವ ರಾಸ್ಪ್‌ಬೆರಿ ಪೈ 4ರಲ್ಲಿ ಬ್ಯಾಟರಿ ಗಡಿಯಾರವಿಲ್ಲ. ಕರೆಂಟು ಹೋಗಿಬಂದರೆ ಅದು ಹಳೆಯ ಹೊತ್ತಿನಲ್ಲೇ ಕಣ್ಣುಬಿಡುತ್ತದೆ. ಕಾಫಿ ಹೂ ಅರಳಿಸುವ ಹೂಮಳೆ ಯಾವ ದಿನ ಎಷ್ಟು ಇಂಚು, ಎಷ್ಟು ಸೆಂಟು ಬಿತ್ತು ಎಂಬುದರ ಮೇಲೆ ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕುವ ತೀರ್ಮಾನ ನಿಂತಿರುವಾಗ ತಪ್ಪು ತಾರೀಕು ಸಣ್ಣ ವಿಷಯವಲ್ಲ. ಆದ್ದರಿಂದ ಸಿಸ್ಟಮ್‌ಡಿಯಲ್ಲಿ ಮಳೆ ಎಣಿಸುವ ಸೇವೆ ತಕ್ಷಣ ಏಳುತ್ತದೆ. ತಾರೀಕು ಹಾಕಿ ಪಟ್ಟಿಗೆ ಸೇರಿಸುವ ಸೇವೆ ಟೈಮ್-ಸಿಂಕ್ ಟಾರ್ಗೆಟ್ ತಲುಪುವ ತನಕ, ಅಂದರೆ ನೆಟ್‌ವರ್ಕಿನಿಂದ ಸರಿಯಾದ ಸಮಯ ಸಿಗುವ ತನಕ, ಕಾಯುತ್ತದೆ. ಸಮಯ ಕಾಯುವ ಸೇವೆಯನ್ನು ಒಮ್ಮೆ ಚಾಲೂ ಮಾಡಿ, ಯೂನಿಟ್ ಫೈಲಿನಲ್ಲಿ ಒಂದೆರಡು ಸಾಲು ಬರೆದರೆ ಆಯಿತು. ಹಳೆಯ ಸ್ಕ್ರಿಪ್ಟಿನಲ್ಲಿ ಇದಕ್ಕೆ ಅಂದಾಜಿನ ಮೇಲೆ ‘ಸ್ಲೀಪ್ 60’ ಎಂದು ಬರೆಯುತ್ತಿದ್ದರು. ಕರೆಂಟು ಬಂದ ಮೇಲೆ ಮೊಬೈಲ್ ಟವರ್ ಏಳಲು ಒಂದು ಗಂಟೆ ಬೇಕಾದರೆ ಏನು ಗತಿ?

ದಾಖಲೆಗಳು ಬೈನರಿಯಲ್ಲಿವೆ, ಕರೆಂಟು ಹೋದರೆ ಕೆಡುತ್ತವೆ ಎಂಬುದು ಇನ್ನೊಂದು ದೂರು. ಕೆಟ್ಟ ಫೈಲನ್ನು ಸಿಸ್ಟಮ್‌ಡಿಯ ದಾಖಲೆ ಸೇವೆಯಾದ ಜರ್ನಲ್ ಪಕ್ಕಕ್ಕಿಟ್ಟು ಹೊಸದನ್ನು ತೆರೆಯುತ್ತದೆ. ಸಾದಾ ಅಕ್ಷರವೇ ಬೇಕೆಂದರೆ ಪಠ್ಯದಲ್ಲೇ ದಾಖಲಿಸುವ ಆರ್‌ಸಿಸ್‌ಲಾಗ್ ಜೊತೆಗಿಟ್ಟುಕೊಳ್ಳಿ, ಯಾರೂ ತಡೆಯುವುದಿಲ್ಲ.

ಎಲ್ಲವನ್ನೂ ಒಂದೇ ಕಡೆ ಕಟ್ಟಿಹಾಕಿದರೆ ಅಪಾಯ ಎಂಬ ಮಾತಿಗೆ ಮಾತ್ರ ತೂಕವಿದೆ. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಿಂಡ್ ಹಿಡಿದುಕೊಟ್ಟ, ಫೈಲು ಕುಗ್ಗಿಸುವ ಎಕ್ಸ್‌ಝಡ್ ತಂತ್ರಾಂಶದೊಳಗಿನ ಕಳ್ಳದಾರಿ, ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್‌ವರೆಗೆ ಬಂದದ್ದು ಸಿಸ್ಟಮ್‌ಡಿಯ ಲೈಬ್ರರಿ ಮೂಲಕವೇ. ಇದನ್ನು ಮರೆಮಾಚುವವರು ನಮ್ಮ ಪಕ್ಷಕ್ಕೆ ಉಪಕಾರ ಮಾಡುತ್ತಿಲ್ಲ. ಆದರೆ ಓಪನ್‌ಎಸ್‌ಎಸ್‌ಎಚ್‌ನ ಮೂಲ ಆವೃತ್ತಿಗೆ ಆ ಲೈಬ್ರರಿಯ ನಂಟೇ ಇರಲಿಲ್ಲ. ‘ಸಿದ್ಧ’ ಎಂಬ ಒಂದು ಸಂದೇಶ ಕಳಿಸಲೆಂದು ಕೆಲವು ಲಿನಕ್ಸ್ ವಿತರಣೆಗಳು ಅದನ್ನು ತಾವೇ ಅಂಟಿಸಿದ್ದವು. ಅದೇ ವರ್ಷ ಜುಲೈನಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 9.8 ಆ ಲೈಬ್ರರಿಯ ಹಂಗಿಲ್ಲದೆ ಅದೇ ಸಂದೇಶ ಕಳಿಸುತ್ತದೆ. ಬಿಚ್ಚಬೇಕಾದ ಗಂಟು ಆ ಅನಗತ್ಯ ನಂಟು. ಅದಕ್ಕಾಗಿ ಸೇವೆ ಸಂಭಾಳಿಸುವ ಇಡೀ ವ್ಯವಸ್ಥೆಯನ್ನೇ ಕಿತ್ತೆಸೆಯಬೇಕಿಲ್ಲ.

ಸಿಸ್ಟಮ್‌ಡಿಯ ಹಾಗೆ ರನಿಟ್, ಎಸ್6 ಎಂಬ ಬೇರೆ ವ್ಯವಸ್ಥೆಗಳೂ ಬಿದ್ದ ಸೇವೆಯನ್ನು ಮತ್ತೆ ಎಬ್ಬಿಸುತ್ತವೆ; ಅವುಗಳ ಮೇಲೆ ನನಗೆ ತಕರಾರಿಲ್ಲ. ಹಳೆಯ ಸ್ಕ್ರಿಪ್ಟಿಗೇ ಮರಳಿ ಎನ್ನುವವರೊಡನೆ ಮಾತ್ರ ನನ್ನ ವಾದ.

ಕೊನೆಯದಾಗಿ, ಯಂತ್ರ ಆರಿಸುವಾಗ ಹಟಹಿಡಿದ ಸೇವೆಗಾಗಿ ಸಿಸ್ಟಮ್‌ಡಿ 90 ಸೆಕೆಂಡು ಕಾಯಿಸುತ್ತದೆ, ಅಷ್ಟರಲ್ಲಿ ಯುಪಿಎಸ್ ಬ್ಯಾಟರಿ ಮುಗಿಯುತ್ತದೆ ಎನ್ನುವವರಿಗೆ: ಆ ಅವಧಿ ಬದಲಿಸಲು ಬರುತ್ತದೆ. 10 ಸೆಕೆಂಡಿಗೆ ಇಳಿಸಿಕೊಳ್ಳಿ.