ಎದೆ ಡವಡವ, ಕುತ್ತಿಗೆಯಲ್ಲಿ ಗಂಟು: ಎರಡನ್ನೂ ಒಟ್ಟಿಗೇ ಹೇಳಿ

ಡಬ್ಬಿ ಕಟ್ಟಿ, ಮಕ್ಕಳನ್ನು ಸ್ಕೂಲಿಗೆ ಕಳಿಸಿ, ಉಸ್ಸಪ್ಪಾ ಅಂತ ಕೂತ ಮೇಲೂ ಎದೆ ಡವಡವ ಅಂತಿದೆಯೇ? 'ಗ್ಯಾಸ್ ಇರ್ಬೇಕು', 'ಬಿ.ಪಿ. ಏನೋ', 'ಮುಟ್ಟು ನಿಲ್ಲೋ ವಯಸ್ಸಲ್ವಾ' ಅಂತ ನಮಗೆ ನಾವೇ ಡಾಕ್ಟರ್ ಆಗಿಬಿಡ್ತೀವಿ. ಎಷ್ಟೋ ಸಲ ಕಾರಣ ಸಾಮಾನ್ಯವಾದದ್ದೇ. ರಕ್ತಹೀನತೆ, ಥೈರಾಯ್ಡ್, ಆತಂಕ, ಅತಿಯಾದ ಕಾಫಿ ಇವೆಲ್ಲ ಎದೆಬಡಿತವನ್ನು ಏರುಪೇರು ಮಾಡುತ್ತವೆ. ಆದರೆ ಅಪರೂಪದ ಕಾರಣವೊಂದಿದೆ. ಅದೇ ಲಿಂಫೋಮಾ ಹೃದಯಕ್ಕೆ ಹಬ್ಬುವುದು.

ಲಿಂಫೋಮಾ ಅಂದ್ರೆ ದುಗ್ಧರಸ ವ್ಯವಸ್ಥೆಯ ಕ್ಯಾನ್ಸರ್. ಕುತ್ತಿಗೆ, ಕಂಕುಳು, ತೊಡೆಸಂದಿಯಲ್ಲಿ ನೋವಿಲ್ಲದ ಗಂಟಾಗಿ ಕಾಣಿಸಿಕೊಳ್ಳುವುದೇ ಹೆಚ್ಚು. ನೋವಿಲ್ಲ ಅಂತಲೇ ನಾವು ಸುಮ್ಮನಿರುತ್ತೇವೆ. ಕೆಲವರಲ್ಲಿ ಇದು ಹೃದಯಕ್ಕೂ ಹಬ್ಬುತ್ತದೆ, ಅದರಲ್ಲೂ ಬಲಗಡೆಯ ಮೇಲಿನ ಕೋಣೆಗೆ. ಹೃದಯಕ್ಕೆ ತಾಳ ಹಾಕಿಕೊಡುವ ಪುಟ್ಟ ಕೇಂದ್ರ ಇರುವುದೂ ಅಲ್ಲೇ. ಅಲ್ಲಿಂದ ಕೆಳಗಿನ ಕೋಣೆಗಳಿಗೆ ಹೋಗುವ ವಿದ್ಯುತ್ ಸಂದೇಶದ ದಾರಿಯಲ್ಲಿ ಕ್ಯಾನ್ಸರ್ ಕೂತರೆ ತಾಳ ತಪ್ಪುತ್ತದೆ. ವಿಶ್ರಾಂತಿಯಲ್ಲಿ ನಿಮಿಷಕ್ಕೆ 60ರಿಂದ 100 ಇರಬೇಕಾದ ಬಡಿತ ತೀರಾ ನಿಧಾನವಾಗಬಹುದು, ಇಲ್ಲವೇ ಲೆಕ್ಕವಿಲ್ಲದೆ ಓಡಬಹುದು. ತಲೆಸುತ್ತು, ಉಸಿರುಗಟ್ಟಿದಂತಾಗುವುದು, ಕಾಲು ಊತ, ಕಣ್ಣು ಕತ್ತಲೆ ಬಂದು ಬೀಳುವುದು ಇದರ ಲಕ್ಷಣಗಳು.

ನಮ್ಮ ವಯಸ್ಸಿನವರು ಮೋಸ ಹೋಗೋದು ಇಲ್ಲೇ. ಮುಟ್ಟು ನಿಲ್ಲುವ ಕಾಲದಲ್ಲೂ ಎದೆ ಹೊಡೆದುಕೊಳ್ಳುತ್ತೆ, ರಾತ್ರಿ ಬೆವರುತ್ತೆ. ಹಾಗಾದ್ರೆ ವ್ಯತ್ಯಾಸ ತಿಳಿಯೋದು ಹೇಗೆ? ಮುಟ್ಟು ನಿಲ್ಲುವುದರಿಂದ ಗಂಟು ಬರುವುದಿಲ್ಲ, ಜ್ವರ ಬರುವುದಿಲ್ಲ. ವಾರಗಟ್ಟಲೆ ಕರಗದ ಗಂಟು, ಬಿಟ್ಟು ಬಿಟ್ಟು ಬರುವ ಜ್ವರ, ನೈಟಿ, ಹಾಸಿಗೆ ತೊಯ್ಯುವಷ್ಟು ಬೆವರು, ಡಯಟ್ ಮಾಡದೆಯೂ ಆರು ತಿಂಗಳಲ್ಲಿ 60 ಕೆ.ಜಿ.ಯವರು 6 ಕೆ.ಜಿ. ಇಳಿಯುವುದು, ಇವುಗಳಲ್ಲಿ ಯಾವುದಿದ್ದರೂ ತಡಮಾಡಬೇಡಿ.

ಮನೆಯಲ್ಲಿ ಯಾರಿಗಾದರೂ ಲಿಂಫೋಮಾ ಚಿಕಿತ್ಸೆ ನಡೆದಿದ್ದರೆ ಇನ್ನೂ ಎಚ್ಚರ ಬೇಕು. 'ಕೀಮೋ ಸುಸ್ತು ಬಿಡಿ' ಅನ್ನಬೇಡಿ. ಈ ಕಾಯಿಲೆಗೆ ಕೊಡುವ ಡಾಕ್ಸೊರುಬಿಸಿನ್ ಎಂಬ ಔಷಧಿಯೂ ಕೆಲವರ ಹೃದಯವನ್ನು ದುರ್ಬಲಗೊಳಿಸುತ್ತದೆ, ವರ್ಷಗಳ ನಂತರವೂ. ತೊಂದರೆ ರೋಗದ್ದೋ ಔಷಧಿಯದ್ದೋ ಎಂದು ಡಾಕ್ಟರೇ ನೋಡಿ ಹೇಳಬೇಕು. ಹೆದರಿ ನೀವಾಗಿಯೇ ಔಷಧಿ ನಿಲ್ಲಿಸಬೇಡಿ.

ಪರೀಕ್ಷೆ ಶುರುವಾಗೋದು ಸರಳ ಇಸಿಜಿಯಿಂದ. ಅದು ತಾಳ ತಪ್ಪಿದ್ದನ್ನು ತೋರಿಸುತ್ತೆ, ಕಾರಣವನ್ನಲ್ಲ. ಹೃದಯದೊಳಗಿನ ಗಡ್ಡೆ, ಸುತ್ತಲಿನ ನೀರು ಕಾಣಲು ಎಕೋ ಬೇಕು. ಅಗತ್ಯವಿದ್ದರೆ ಎಂಆರ್‌ಐ, ಪೆಟ್ ಸ್ಕ್ಯಾನ್. ಕೊನೆಗೆ ರೋಗ ಖಚಿತವಾಗೋದು ಬಯಾಪ್ಸಿಯಿಂದ. ಸಮಾಧಾನದ ಮಾತೂ ಇದೆ. ಲಿಂಫೋಮಾ ಕೀಮೋಗೆ ಬಗ್ಗುವ ಕ್ಯಾನ್ಸರ್. ಗಡ್ಡೆ ಕರಗಿದಂತೆ ಕೆಲವರಲ್ಲಿ ಹೃದಯದ ತಾಳ ತಾನಾಗಿ ಸರಿಹೋಗಿದೆ. ಕೆಲವರಿಗೆ ಪೇಸ್‌ಮೇಕರ್ ಬೇಕಾಗುತ್ತದೆ.

ಬೆಂಗಳೂರಿನಲ್ಲಿ ಹೃದಯಕ್ಕೆ ಜಯದೇವ, ಕ್ಯಾನ್ಸರ್‌ಗೆ ಕಿದ್ವಾಯಿ ಅಂತ ಬೇರೆ ಬೇರೆ ಆಸ್ಪತ್ರೆಗಳಿವೆ. ದೇಹ ಮಾತ್ರ ಒಂದೇ. ಎದೆ ಡಾಕ್ಟರ ಮುಂದೆ ಗಂಟಿನ ವಿಷಯ, ಕ್ಯಾನ್ಸರ್ ಡಾಕ್ಟರ ಮುಂದೆ ಎದೆಬಡಿತದ ವಿಷಯ ಮುಚ್ಚಿಡಬೇಡಿ. ಎಲ್ಲ ರಿಪೋರ್ಟ್ ಒಂದೇ ಫೈಲಿನಲ್ಲಿರಲಿ. ಪ್ರಜ್ಞೆ ತಪ್ಪಿದರೆ, ಎದೆನೋವು ಬಂದರೆ ಮರುದಿನಕ್ಕೆ ಕಾಯದೆ 108ಕ್ಕೆ ಫೋನ್ ಮಾಡಿ.

ಅತ್ತೆ-ಮಾವನ ಮಾತ್ರೆ, ಮಕ್ಕಳ ಲಸಿಕೆ ಎಲ್ಲ ನಮಗೆ ನೆನಪಿರುತ್ತೆ. ಇವತ್ತು ಸ್ನಾನಕ್ಕೆ ಹೋದಾಗ ಒಮ್ಮೆ ನಿಮ್ಮ ಕುತ್ತಿಗೆ, ಕಂಕುಳನ್ನೂ ಮುಟ್ಟಿ ನೋಡಿಕೊಳ್ಳಿ.