ಹಸಿರು ಚುಕ್ಕೆಯ ಅಭಿಮಾನ



ದೋಣಿಗಲ್ ಸೀಮೆಯ ಹಿರಿಯ ಭಕ್ತರೊಬ್ಬರು ಹೃದಯದ ಬೇನೆಗೆ ಚಿಕಿತ್ಸೆ ಪಡೆದು ಬಂದವರು, "ನಾವು ಮಾಂಸ ಮುಟ್ಟಿದವರಲ್ಲ ಬುದ್ಧಿ, ಕೊಬ್ಬಿನ ಕಾಯಿಲೆ ನಮಗೆ ಹೇಗೆ ಬಂತು?" ಎಂದು ಕೇಳಿದರು. ಈ ಪ್ರಶ್ನೆ ಅವರೊಬ್ಬರದಲ್ಲ. ಮಾಂಸವನ್ನು ಬಿಟ್ಟೊಡನೆ ಕೊಬ್ಬನ್ನೂ ಬಿಟ್ಟೆವೆಂಬ ಭ್ರಮೆ ನಮ್ಮೆಲ್ಲರಲ್ಲಿಯೂ ಬೇರೂರಿದೆ.

ಮಾರಾಟದ ಮಾಂಸಪದಾರ್ಥಗಳ ದೋಷವನ್ನು ನಾವು ಮರೆಮಾಚುವುದಿಲ್ಲ. ಹಂದಿಮಾಂಸದ ಸಾಸೇಜಿನಲ್ಲಿ ತೂಕದ ಕಾಲುಭಾಗದಷ್ಟು ಕೊಬ್ಬಿರುವುದುಂಟು. ಅರೆದು ತುಂಬಿರುವುದರಿಂದ ಅದು ಕಣ್ಣಿಗೆ ಕಾಣದು. ಆದರೆ ಕೊಬ್ಬಿನ ಗುಣಾವಗುಣಗಳು ಬಹುಮಟ್ಟಿಗೆ ಅದರಲ್ಲಿರುವ ಆಮ್ಲಗಳನ್ನು ಅವಲಂಬಿಸಿವೆ. ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲನ್ನು ಹೆಚ್ಚಿಸುವ, ಸ್ಯಾಚುರೇಟೆಡ್ ಎಂದು ಕರೆಯುವ ಪರ್ಯಾಪ್ತ ಆಮ್ಲಗಳು ಹಂದಿಯ ಕೊಬ್ಬಿನಲ್ಲಿ ಶೇಕಡಾ 40ರಷ್ಟು, ದನದ ಕೊಬ್ಬಿನಲ್ಲಿ ಸುಮಾರು 50ರಷ್ಟು ಇವೆ. ಹಸಿರು ಚುಕ್ಕೆ ಹೊತ್ತ ತಾಳೆ ಎಣ್ಣೆಯಲ್ಲಿ ಎಷ್ಟಿವೆ? ಅಲ್ಲಿಯೂ ಸುಮಾರು 50! ಕಡಲೆಕಾಯಿ ಎಣ್ಣೆಯಲ್ಲಾದರೋ 20ರ ಆಸುಪಾಸು.

1983ರಲ್ಲಿ ವನಸ್ಪತಿಗೆ ಆಮದಾದ ದನದ ಕೊಬ್ಬನ್ನು ಬೆರೆಸಿದ ಸಂಗತಿ ಬಯಲಾದಾಗ ದೇಶವೇ ಕುದಿಯಿತು. ಆ ಕೋಪ ನ್ಯಾಯವಾದುದೇ. ಆದರೆ ಕಲಬೆರಕೆಯಿಲ್ಲದ ವನಸ್ಪತಿಯ ಬಗೆಗೆ ಅಂದು ನಾವು ಪ್ರಶ್ನಿಸಿದೆವೇ? ಎಣ್ಣೆಗೆ ನಿಕ್ಕಲ್ ಲೋಹದ ಸಾನ್ನಿಧ್ಯದಲ್ಲಿ ಜಲಜನಕವನ್ನು ಹಾಯಿಸಿ ಗಟ್ಟಿಗೊಳಿಸುವಾಗ ಹುಟ್ಟುವ ಟ್ರಾನ್ಸ್ ಕೊಬ್ಬು ಕೆಟ್ಟ ಕೊಲೆಸ್ಟರಾಲನ್ನು ಏರಿಸುವುದಲ್ಲದೆ ಒಳ್ಳೆಯದನ್ನು ಇಳಿಸುತ್ತದೆ. ಅದಕ್ಕೆ ಶೇಕಡಾ 2ರ ಮಿತಿ ಜಾರಿಗೆ ಬಂದುದು 2022ರಲ್ಲಿ. ಕೊಬ್ಬು ಯಾರದೆಂದು ಕೇಳಿದೆವು; ಎಂತಹುದೆಂದು ಕೇಳಲಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ.

ಹಸಿರು ಚುಕ್ಕೆ ಪದಾರ್ಥದ ಮೂಲವನ್ನು ಹೇಳುತ್ತದೆಯೇ ಹೊರತು ಅದರ ಹಿತಾಹಿತವನ್ನಲ್ಲ. ಪರರ ಎಲೆಯ ಮೇಲಿನ ನೊಣವನ್ನು ತೋರಿಸುವ ನಾವು ನಮ್ಮ ಎಲೆಯಲ್ಲಿ ಸತ್ತುಬಿದ್ದಿರುವ ಹೆಗ್ಗಣವನ್ನು ಕಾಣುತ್ತಿಲ್ಲ. ಮದುವೆಯ ಬೋಂಡ, ಜಾತ್ರೆಯ ಜಿಲೇಬಿ, ಬೇಕರಿಯ ಪಫ್ ಇವೆಲ್ಲ ಯಾವ ಎಣ್ಣೆಯಲ್ಲಿ ಆದುವು? ಆ ಎಣ್ಣೆ ಎಷ್ಟು ಸಲ ಕಾದಿದೆ? ಮಠಗಳ ದಾಸೋಹದ ಪಾಕಶಾಲೆಯೂ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. ಪ್ರಸಾದವೆಂದು ಕೈಯೊಡ್ಡುವ ಭಕ್ತನು ಪರೀಕ್ಷಿಸಿ ಉಣ್ಣುವುದಿಲ್ಲ. ಆದುದರಿಂದಲೇ ಬಡಿಸುವವರ ಹೊಣೆ ಇಮ್ಮಡಿಯಾದುದು.

ತಾಳೆ ಎಣ್ಣೆ ಅಗ್ಗವೆಂಬ ಮಾತು ಬಡವನ ಬಾಯಲ್ಲಿ ಬಂದರೆ ನಾವು ಮೌನವಾಗುತ್ತೇವೆ. ಆದರೆ ಕರಿದು ಬಡಿಸುವುದೇ ಆತಿಥ್ಯವೆಂಬ ವಿಧಿಯಿಲ್ಲವಷ್ಟೆ! ಹಬೆಯಲ್ಲಿ ಬೆಂದ ಕಡುಬು, ಕೆಂಡದ ಮೇಲೆ ಸುಟ್ಟ ಅಕ್ಕಿರೊಟ್ಟಿ ಈ ಮಲೆನಾಡಿನ ಹಿರಿಯರನ್ನು ಸಾಕಿದುವು. ಅವು ಇಂದಿನ ಪಂಕ್ತಿಗೆ ಅಗೌರವವೇ?

ಮಠದಲ್ಲಿ ಓದಿದ ಹಳೆಯ ವಿದ್ಯಾರ್ಥಿಗಳಲ್ಲಿ ನಮ್ಮ ಆಗ್ರಹವಿಷ್ಟೆ: ಪೊಟ್ಟಣದ ಮುಂಭಾಗದ ಚುಕ್ಕೆಯನ್ನು ನೋಡಿ ತೃಪ್ತರಾಗದೆ, ಹಿಂಭಾಗವನ್ನು ತಿರುಗಿಸಿ ಓದಿರಿ. ಒಟ್ಟು ಕೊಬ್ಬು, ಪರ್ಯಾಪ್ತ ಕೊಬ್ಬು, ಟ್ರಾನ್ಸ್ ಕೊಬ್ಬು ಇವನ್ನು ನಮೂದಿಸಬೇಕೆಂದು 2020ರ ನಿಯಮವೇ ಇದೆ. ಓದಲಾರದ ತಾಯಂದಿರಿಗೆ ಓದಿ ಹೇಳಿರಿ. ನಾಲಗೆಯ ಮೇಲಿನ ಸಂಯಮವಿಲ್ಲದ ಸಸ್ಯಾಹಾರ ಬರಿಯ ಅಭಿಮಾನವಾದೀತೇ ಹೊರತು ಆಚಾರವಾಗದು.