ಪಕ್ಷೇತರರನ್ನು ಹಗುರವಾಗಿ ಕಾಣಬೇಡಿ

ಪಕ್ಷೇತರರಿಗೆ ಮತ ಹಾಕುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಎಂಬ ಮಾತನ್ನು ಒಪ್ಪಲಾಗದು. 2023ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಟಿಕೆಟ್ ಸಿಗದ ಲತಾ ಮಲ್ಲಿಕಾರ್ಜುನ್ ಹರಪನಹಳ್ಳಿಯಲ್ಲಿ ಪಕ್ಷೇತರರಾಗಿಯೇ ಗೆದ್ದರು. ಹಿರಿಯ ರಾಜಕಾರಣಿಯಾಗಿದ್ದ ಎಂ.ಪಿ. ಪ್ರಕಾಶ್ ಅವರ ಮಗಳೆಂಬ ಹಿನ್ನೆಲೆ ಅವರಿಗಿತ್ತು, ನಿಜ. ಅಂಥ ಮನೆತನದ ಬಲವಿಲ್ಲದವರ ಪಾಡು ನೋಡಿ: ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು, ಪಕ್ಷೇತರರಿಗೆ 10 ಮಂದಿ ಬೇಕು. ನಾಮಪತ್ರ ವಾಪಸಿನ ಗಡುವು ಮುಗಿದ ಮೇಲಷ್ಟೇ ಚಿಹ್ನೆ. ಉಳಿದ ಸುಮಾರು ಎರಡು ವಾರದಲ್ಲಿ ಹೊಲಿಗೆ ಯಂತ್ರವನ್ನೋ ಗ್ಯಾಸ್ ಸಿಲಿಂಡರನ್ನೋ ಮನೆಮನೆಗೆ ಪರಿಚಯಿಸಬೇಕು.

ಗೆದ್ದ ಮೇಲೆ ಪಕ್ಷ ಸೇರುತ್ತಾರೆ ಎಂಬ ಆರೋಪವೂ ಅರ್ಧಸತ್ಯ. ಸೇರಿದರೆ ಸಂವಿಧಾನದ 10ನೇ ಅನುಸೂಚಿಯಡಿ ಸ್ಥಾನ ಹೋಗುತ್ತದೆ. ಮೂರನೇ ಎರಡರಷ್ಟು ಮಂದಿ ಒಟ್ಟಾಗಿ ವಿಲೀನವಾಗಿ ಪಾರಾಗುವ ದಾರಿ ಪಕ್ಷದವರಿಗಷ್ಟೇ ಇದೆ!

ಮತದಾರರೇ, ಚಿಹ್ನೆ ನೋಡುವ ಮೊದಲು ಅಭ್ಯರ್ಥಿಯ ಪ್ರಮಾಣಪತ್ರ ಓದಿ. ಆಸ್ತಿ, ಸಾಲ, ಮೊಕದ್ದಮೆ ಎಲ್ಲವೂ ಅದರಲ್ಲಿವೆ.